ಕಿಂಡಿ ಇಲ್ಲದ ಗಾಯ

ನಮ್ಮೂರಿನಲ್ಲಿ ಸುಳ್ಳು ಗಾಯವನ್ನು ನನ್ನಷ್ಟು ಚೆನ್ನಾಗಿ ಮಾಡುವವರು ಇನ್ನೊಬ್ಬರಿಲ್ಲ. ಇದನ್ನು ಹೇಳಿಕೊಳ್ಳುವುದಕ್ಕೆ ನನಗೆ ಸಂಕೋಚವೂ ಇಲ್ಲ. ಮೂವತ್ತೊಂದು ವರ್ಷ ಸ್ಟುಡಿಯೋದ ಮೇಕಪ್ ರೂಮಿನಲ್ಲಿ ಕೂತು ಸುಟ್ಟ ಕೆನ್ನೆ, ಸೀಳಿದ ಹಣೆ, ಮುರಿದ ಮೂಗು, ರಾಕ್ಷಸರ ಕೋರೆಹಲ್ಲು, ನೂರು ವರ್ಷದ ಮುದುಕಿಯ ಜೋಲುಗಲ್ಲ, ಎಲ್ಲವನ್ನೂ ಈ ಎರಡು ಕೈಯಲ್ಲಿ ಮಾಡಿದ್ದೇನೆ. ಜೇಡಿಮಣ್ಣಿನಲ್ಲಿ ರೂಪ ತಿದ್ದುವುದು, ಅದರ ಮೇಲೆ ಪ್ಲಾಸ್ಟರ್ ಹೊಯ್ದು ಅಚ್ಚು ತೆಗೆಯುವುದು, ಅಚ್ಚಿನೊಳಗೆ ಸಿಲಿಕೋನ್ ತುಂಬಿ ತೆಳ್ಳನೆಯ ಚರ್ಮ ಎಬ್ಬಿಸುವುದು, ಆ ಚರ್ಮವನ್ನು ನಟರ ಮುಖಕ್ಕೆ ಅಂಟಿಸಿ ಬಣ್ಣ ಹಚ್ಚುವುದು, ಇದು ನನ್ನ ಕಸುಬು. ಹೆಸರು ಅನಸೂಯ. ಇಷ್ಟೆಲ್ಲ ಮಾಡಿದವಳು ಹೋದ ವರ್ಷ ನನ್ನ ಗುರುಗಳ ಬಲಗೈ ಹೆಬ್ಬೆರಳಿಗೆ ಒಂದು ಸಿಬಿರು ಹೊಕ್ಕಷ್ಟು ಗಾಯ ಮಾಡಲಾಗದೆ ಮೂರು ಸಲ ಸೋತೆ. ಅದನ್ನೇ ಹೇಳಲು ಹೊರಟಿದ್ದೇನೆ.

ನಮ್ಮೂರಲ್ಲಿ ಸುಳ್ಳು ಗಾಯ ನೋಯುತ್ತದೆ. ಎಷ್ಟು ಚೆನ್ನಾಗಿ ಮಾಡಿದರೆ ಅಷ್ಟು ನೋಯುತ್ತದೆ. ಹೊಳೆಯ ಸೇತುವೆ ದಾಟಿ ಆಚೆ ಹೋದರೆ ಇದೆಲ್ಲ ಇಲ್ಲ. ಆದರೆ ಊರಲ್ಲಿರುವವರಿಗೆ ದಿನಾ ಸೇತುವೆ ದಾಟಲಾಗುತ್ತದೆಯೇ? ಹೊಂದಿಕೊಂಡಿದ್ದೇವೆ. ರಜೆ ಬೇಕೆಂದು ಮೊಣಕಾಲಿಗೆ ಗಾಯ ಬರೆದುಕೊಂಡು ಬಂದ ಮಕ್ಕಳನ್ನು ಶಾಲೆಯಲ್ಲಿ ಬೈಯುವುದಿಲ್ಲ. ಟೀಚರು ಗಾಯದ ಮೇಲೆ ಬೆರಳಿಟ್ಟು ಒತ್ತುತ್ತಾರೆ. ಸುಮ್ಮನಿದ್ದರೆ ಒಳಗೆ ಹೋಗಿ ಕೂರಬೇಕು, ಕಿಟಾರನೆ ಕಿರುಚಿದರೆ ಮನೆಗೆ ಹೋಗಬಹುದು, ಜೊತೆಗೆ ಡ್ರಾಯಿಂಗಿನಲ್ಲಿ ಒಳ್ಳೆಯ ಮಾರ್ಕೂ ಸಿಗುತ್ತದೆ. ಗಂಡನ ಕರುಣೆ ಗಿಟ್ಟಿಸಲು ಹಣೆಗೆ ಬುಗುಟೆ ಅಂಟಿಸಿಕೊಂಡ ಹೆಂಗಸರು ಒಂದು ಗಂಟೆಯೊಳಗೆ ತಾವೇ ಕಿತ್ತು ಬಿಸಾಡಿದ್ದನ್ನು ನಾನೇ ನೋಡಿದ್ದೇನೆ. ಹೊರಗಿನಿಂದ ಬಂದ ಹೀರೋ ಒಬ್ಬ, ತನ್ನ ಜೊತೆಗೇ ಬಂದ ಮೇಕಪ್‌ನವರು ಎದೆಗೆ ಗುಂಡೇಟಿನ ಗುರುತು ಅಂಟಿಸಿದ ಕೂಡಲೇ ಮೂರ್ಛೆ ಹೋಗಿ, ಎದ್ದ ಮೇಲೆ ಚಪ್ಪಲಿಯನ್ನೂ ಹಾಕಿಕೊಳ್ಳದೆ ಕಾರು ಹತ್ತಿದ. ಅಲ್ಲಿಂದೀಚೆಗೆ ಹೊರಗಿನವರು ಇಲ್ಲಿ ತೆಗೆಯುವ ಸಿನಿಮಾಗಳಲ್ಲಿ ಬ್ಯಾಂಡೇಜು ಜಾಸ್ತಿ, ಗಾಯ ಕಡಿಮೆ. ಬ್ಯಾಂಡೇಜು ನೋಯುವುದಿಲ್ಲವಲ್ಲ.

ಹಾಗಾದರೆ ನಮ್ಮ ನಟರು ಹೇಗೆ ಬದುಕುತ್ತಾರೆ, ನಾವು ಹೇಗೆ ಇವರ ಬೈಗುಳ ತಿನ್ನದೆ ಕೆಲಸ ಮಾಡುತ್ತೇವೆ? ಅದಕ್ಕೆ ಕಿಂಡಿ ಇದೆ. ಕಿಂಡಿ ಬಿಡುವುದನ್ನು ಈ ಊರಿಗೆ ಕಲಿಸಿದವರೇ ನನ್ನ ಗುರುಗಳು, ವೀರಭದ್ರಾಚಾರ್ರು.

ಆಚಾರ್ರು ಮೂಲದಲ್ಲಿ ಮರಗೆತ್ತನೆಯವರು. ನನ್ನಪ್ಪ ಸಂಕ್ರಾಂತಿಗೆ ಸಕ್ಕರೆ ಅಚ್ಚು ಹೊಯ್ಯುತ್ತಿದ್ದ. ಗಿಳಿ, ಆನೆ, ಬಾಳೆಗೊನೆ, ತೇರಿನ ಕುದುರೆ. ಅದಕ್ಕೆ ಬೇಕಾದ ಮರದ ಅಚ್ಚುಗಳನ್ನು ಕೆತ್ತಿಕೊಡುತ್ತಿದ್ದದ್ದು ಆಚಾರ್ರು. ಪಾಕ ಗಟ್ಟಿಯಾಗಿ ಅಚ್ಚು ಬಿಚ್ಚಿದ ಮೇಲೆ ಗಿಳಿಯ ಕೊಕ್ಕು, ರೆಕ್ಕೆಗಳ ಅಂಚು ಚೂಪಾಗಿ ಉಳಿಯುತ್ತಿತ್ತು. ಅಪ್ಪ ಅದನ್ನು ನನ್ನ ಮುಂದೆ ಸುರಿದು, "ಒದ್ದೆ ಬಟ್ಟೆಯಲ್ಲಿ ಒಂದೊಂದೇ ಅಂಚು ತೀಡು. ಮಗು ಚೀಪುವಾಗ ತುಟಿ ಕೊಯ್ಯಬಾರದು" ಎನ್ನುತ್ತಿದ್ದ. ಆರನೇ ವಯಸ್ಸಿನಿಂದ ನಾನು ತೀಡಿದ ಗಿಳಿಗಳಿಗೆ ಲೆಕ್ಕವೇ ಇಲ್ಲ. ಒಂದು ಸಲ ಆಚಾರ್ರು ಅಚ್ಚು ಕೊಡಲು ಬಂದವರು ನಾನು ಮಿಕ್ಕ ಪಾಕದಲ್ಲಿ ಕೈಯಿಂದಲೇ ಮಾಡಿದ್ದ ಒಂದು ಕಿವಿಯನ್ನು ನೋಡಿದರು. ನನ್ನಪ್ಪನ ಕಿವಿ, ಕೂದಲು ಸಮೇತ. ಅವರು ಅದನ್ನು ಒಂದು ನಿಮಿಷ ತಿರುಗಿಸಿ ತಿರುಗಿಸಿ ನೋಡಿ, ಅಪ್ಪನ ಕಡೆ ನೋಡಿ, "ಈ ಹುಡುಗೀನ ನನಗೆ ಕೊಡು ಮಾರಾಯ, ಇವಳು ಇಲ್ಲಿ ಸಕ್ಕರೆಯಲ್ಲಿ ಕರಗಿಹೋಗ್ತಾಳೆ" ಅಂದರು. ಅಷ್ಟು ಹೊತ್ತಿಗೆ ಅವರು ಸ್ಟುಡಿಯೋ ಸೇರಿ ಪೌರಾಣಿಕ ಸಿನಿಮಾಗಳಿಗೆ ಕಿರೀಟ, ಗದೆ ಕೆತ್ತುತ್ತಾ ಕೆತ್ತುತ್ತಾ ಗಾಯ ಮಾಡುವ ಕೆಲಸಕ್ಕೂ ಇಳಿದಿದ್ದರು.

ಅವರು ಕಲಿಸಿದ ಮೊದಲ ಪಾಠ ಹೇಗೆ ಮಾಡಬೇಕೆಂದಲ್ಲ, ಎಲ್ಲಿ ಕೆಡಿಸಬೇಕೆಂದು. ಪ್ರತಿ ಗಾಯದಲ್ಲೂ ಒಂದು ಸುಳ್ಳು ಬಿಡಬೇಕು. ಯೋಧನ ಹಣೆಯ ಸೀಳಿನ ಪಕ್ಕದಲ್ಲಿ ಚರ್ಮದ ರಂಧ್ರಗಳನ್ನು ಸಾಲಾಗಿ, ಶಿಸ್ತಾಗಿ ಕೂರಿಸುತ್ತಿದ್ದರು. ಯಾರ ಚರ್ಮದಲ್ಲೂ ರಂಧ್ರಗಳು ಹಾಗೆ ಸಾಲಾಗಿ ನಿಲ್ಲುವುದಿಲ್ಲ. ಹರಿದ ಕಿವಿಗೆ ಯಾವ ಕಿವಿಯಲ್ಲೂ ಇರದ ಒಂದು ಮಡಿಕೆ ಸೇರಿಸುತ್ತಿದ್ದರು. ಇದೇ ಕಿಂಡಿ. ನೋವೆಲ್ಲ ಅದರ ಮೂಲಕ ಸೋರಿಹೋಗುತ್ತದೆ. "ಕ್ಯಾಮೆರಾಕ್ಕೆ ಕಾಣಬಾರದು, ಮೈಗೆ ಗೊತ್ತಾಗಬೇಕು. ಮೈಗೆ ಮೋಸ ಮಾಡಿದವನು ಈ ರೂಮಿನಲ್ಲಿ ಇರಬಾರದು" ಎನ್ನುತ್ತಿದ್ದರು. ಹೊಸ ಗಾಯವನ್ನು ಮೊದಲು ತಮ್ಮ ತೋಳಿಗೇ ಅಂಟಿಸಿಕೊಂಡು, ಅರ್ಧ ಗಂಟೆ ಕಾಫಿ ಕುಡಿಯುತ್ತಾ ಕೂತು, ಏನೂ ಆಗಲಿಲ್ಲವೆಂದು ಖಾತ್ರಿಯಾದ ಮೇಲೆ ನಟರಿಗೆ ಅಂಟಿಸುತ್ತಿದ್ದರು. ಹೊಗಳುವುದು ಮಾತ್ರ ಅವರ ಜಾಯಮಾನದಲ್ಲೇ ಇರಲಿಲ್ಲ. ಮೂವತ್ತು ವರ್ಷದಲ್ಲಿ ನನ್ನ ಕೆಲಸ ನೋಡಿ ಅವರು ಅಂದದ್ದು "ಹೂಂ" ಒಂದೇ. ಉದ್ದನೆಯ "ಹೂಂ" ಬಂದ ದಿನ ನಾನು ಮನೆಗೆ ಸಿಹಿ ಒಯ್ಯುತ್ತಿದ್ದೆ.

ಕಿಂಡಿ ಬಿಡುತ್ತಲೇ ನಾನು ಮೇಲೆ ಬಂದೆ. ಹತ್ತು ತಲೆಯವನಿಗೆ ಒಂಬತ್ತು ತಲೆ ಮಾಡಿದೆ, ಒಂದು ಅವನದೇ ಇತ್ತು. ಟೀವಿ ಸೀರಿಯಲ್ಲುಗಳು ಬಂದ ಮೇಲೆ ಅತ್ತೆಯರಿಗೆ ಮುಪ್ಪು ತರುವ ಕೆಲಸ ರಾಶಿ ರಾಶಿ ಬಂತು. ಮುಪ್ಪು ಗಾಯವಲ್ಲ, ಅದಕ್ಕೆ ಕಿಂಡಿ ಬೇಡ ಎಂದು ಆಚಾರ್ರು ಹೇಳುತ್ತಿದ್ದರು. ಈಗ ನನಗೇ ಐವತ್ತು ದಾಟಿದೆ, ಆ ಮಾತು ಅಷ್ಟೇನೂ ಸರಿಯಿರಲಿಲ್ಲ ಅನ್ನಿಸುತ್ತದೆ. ಸೇತುವೆಯಾಚೆಗೂ ಹೋಗಿ ನಾಲ್ಕು ಸಿನಿಮಾ ಮಾಡಿ ಬಂದೆ. ಅಲ್ಲಿ ಬಹಳ ಹೊಗಳಿದರು. ಆದರೆ ನಾನು ಕಷ್ಟಪಟ್ಟು ಮಾಡಿದ ಮುರಿದ ದವಡೆಯನ್ನು ಅಂಟಿಸುವಾಗ ನಟರು ಮೊಬೈಲು ನೋಡುತ್ತಾ ಚಿಪ್ಸು ತಿನ್ನುತ್ತಿದ್ದರು. ನನಗೆ ಅದು ಸರಿಬರಲಿಲ್ಲ. ನಮ್ಮ ಊರಿನ ನಟರು ಅಂಟಿಸುವಾಗ ಉಸಿರು ಹಿಡಿದು ನನ್ನ ಬೆರಳನ್ನೇ ನೋಡುತ್ತಾರೆ. ಆ ಮರ್ಯಾದೆ ಬಿಟ್ಟು ಇರಲಾಗದೆ ವಾಪಸು ಬಂದೆ.

ಹದಿಮೂರು ವರ್ಷದ ಹಿಂದೆ ನಾನು ಒಂದು ತಪ್ಪು ಮಾಡಿದೆ. ಅದನ್ನು ಹೇಳದೆ ಮುಂದೆ ಹೋಗುವಂತಿಲ್ಲ.

ಕುಮುದಾ ಎಂಬ ಹುಡುಗಿ ಆಗ ಒಂದು ಸೀರಿಯಲ್ಲಿನ ನಾಯಕಿ. ನನ್ನ ಮೇಲೆ ಬಲು ಪ್ರೀತಿ. ಮೇಕಪ್ ರೂಮಿಗೆ ಬರುತ್ತಿದ್ದದ್ದೇ "ಅಕ್ಕಾ, ತಿಂಡಿ ಆಯ್ತಾ?" ಎನ್ನುತ್ತಾ. ಕಥೆಯಲ್ಲಿ ಅವಳ ಅರ್ಧ ಮುಖ ಸುಡಬೇಕಿತ್ತು. ಡೈರೆಕ್ಟರು ಹೊಸ ಕ್ಯಾಮೆರಾ ತರಿಸಿದ್ದ. ನೊಣದ ಕಾಲಿನ ಕೂದಲೂ ಕಾಣುವಂಥದ್ದು. ನಾನು ಮಾಡಿದ್ದ ಮೊದಲ ತುಂಡನ್ನು ಕ್ಯಾಮೆರಾಕ್ಕೆ ಹಿಡಿದು, "ಅನಸೂಯಮ್ಮ, ನಿಮ್ಮ ಕಿಂಡಿ ಎದ್ದು ಕಾಣ್ತಿದೆ. ಹಳೇ ಕಾಲದ ಕೆಲಸ ಆಯ್ತಲ್ಲ" ಅಂದ. ಹಳೇ ಕಾಲದ ಕೆಲಸ! ಅದೊಂದು ಮಾತು ನನ್ನ ನೆತ್ತಿಗೇರಿತು. ಕಿಂಡಿಯೇ ಇಲ್ಲದೆ ಮಾಡಿ ತೋರಿಸುತ್ತೇನೆಂದು ಪಟ್ಟು ಹಿಡಿದು ಕೂತೆ. ಎರಡು ದಿನದಿಂದ ಸ್ಟುಡಿಯೋದ ನಲ್ಲಿಯಲ್ಲಿ ನೀರು ಬೇರೆ ಇರಲಿಲ್ಲ. ಬಾವಿಯಿಂದ ತಂದ ಎರಡು ಬಕೆಟ್ಟು ಪ್ಲಾಸ್ಟರ್ ಕಲಸುವುದಕ್ಕೇ ಮುಗಿದುಹೋಯಿತು. ಕೈ ತೊಳೆಯಲೂ ನೀರಿಲ್ಲವೆಂದು ಗೊಣಗುತ್ತಾ ಗೊಣಗುತ್ತಾ ಆ ಕೆನ್ನೆಯನ್ನು ಮುಗಿಸಿದೆ. ನನ್ನ ತೋಳಿಗೆ ಅಂಟಿಸಿ ನೋಡಲೂ ಇಲ್ಲ.

ಬೆಳಿಗ್ಗೆ ಕುಮುದಾ ನಗುತ್ತಲೇ ಕೂತಳು. ಕೊನೆಯ ಅಂಚು ಅಂಟಿದ ಕ್ಷಣ ಅವಳ ನಗು ಅಲ್ಲೇ ನಿಂತಿತು. ಆಮೇಲೆ ಬಂದ ಕೂಗನ್ನು ನಾನು ಮರೆತಿಲ್ಲ, ಮರೆಯುವುದೂ ಬೇಡ. ಡೈರೆಕ್ಟರು ಕ್ಯಾಮೆರಾ ಓಡಿಸಿಯೇ ಬಿಟ್ಟ. ಅಂಟನ್ನು ಎಣ್ಣೆ ಹಚ್ಚಿ ನಿಧಾನವಾಗಿ ಬಿಡಿಸಬೇಕು, ಎಳೆದರೆ ನಿಜವಾದ ಚರ್ಮ ಕಿತ್ತುಬರುತ್ತದೆ. ಇಪ್ಪತ್ತು ನಿಮಿಷ ಹಿಡಿಯಿತು. ಆ ಇಪ್ಪತ್ತು ನಿಮಿಷವೂ ಅವಳು ನನ್ನ ಮಣಿಕಟ್ಟು ಹಿಡಿದು "ಅಕ್ಕಾ, ಅಕ್ಕಾ" ಅನ್ನುತ್ತಿದ್ದಳು. ಆ ದೃಶ್ಯಕ್ಕೆ ನನಗೆ ಪ್ರಶಸ್ತಿ ಬಂತು. ಹೋಗಿ ಶಾಲು ಹೊದಿಸಿಕೊಂಡು ತಗೊಂಡೂ ಬಂದೆ. ನನ್ನ ಜೀವನದಲ್ಲಿ ನಾಚಿಕೆಯಾಗುವಂಥದ್ದು ಅದೊಂದೇ.

ಮೇಕಪ್‌ನವರ ಸಂಘ ಸೇರಿತು. ಆಚಾರ್ರು ಎಲ್ಲರೆದುರಿಗೆ, "ಕೈ ಚೆನ್ನಾಗಿದೆ. ಕರುಳನ್ನ ಎಲ್ಲಿಟ್ಟು ಬಂದಿದ್ದೆ ಅವತ್ತು?" ಎಂದು ಕೇಳಿದರು. ನಾನು ನನ್ನ ಬ್ರಷ್ಷು, ಕಡ್ಡಿ, ಉಳಿಗಳ ಚೀಲವನ್ನು ಕುಮುದಾಳ ಮುಂದೆ ಇಟ್ಟು, ಇನ್ನು ಜೀವ ಇರುವ ತನಕ ಕಿಂಡಿ ಇಲ್ಲದ ಗಾಯ ಮಾಡುವುದಿಲ್ಲ, ಮಾಡಿದರೆ ಈ ಚೀಲ ಮತ್ತೆ ಮುಟ್ಟುವುದಿಲ್ಲ ಎಂದು ಮಾತು ಕೊಟ್ಟೆ. ಸಂಘದವರು ಅದನ್ನು ಬರೆದುಕೊಂಡರು. ಕುಮುದಾ ಚೀಲವನ್ನು ನನ್ನ ಕಡೆಗೆ ತಳ್ಳಿ, "ಆಯ್ತು ಅನಸೂಯಮ್ಮನವರೇ" ಅಂದಳು. ಅಕ್ಕ ಅನ್ನಲಿಲ್ಲ. ಅವತ್ತಿನಿಂದ ಸ್ಟುಡಿಯೋದಲ್ಲಿ ಎದುರಾದರೆ ನಮಸ್ಕಾರ, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಹೋದ ವರ್ಷ ಆಚಾರ್ರಿಗೆ ಲಕ್ವ ಹೊಡೆಯಿತು. ಮಾತು ಎರಡು ವಾರದಲ್ಲಿ ಸರಿಹೋಯಿತು, ಕಾಲೂ ನೆಟ್ಟಗಾಯಿತು. ಬಲಗೈ ಮಾತ್ರ ತಿರುಗಿ ಬರಲಿಲ್ಲ. ಮಡಿಲಲ್ಲಿ ಇಟ್ಟ ಕಡೆ ಇರುತ್ತಿತ್ತು. ಡಾಕ್ಟರು ಸೂಜಿ ಚುಚ್ಚಿದರು, ಬಿಸಿನೀರಿಗೆ ಅದ್ದಿದರು, ಐಸು ಹಿಡಿದರು. ಏನೂ ಇಲ್ಲ. "ಕೈ ಇದೆ ಅನ್ನೋದೇ ಇವರಿಗೆ ಮರೆತುಹೋದ ಹಾಗಿದೆ. ಏನಾದ್ರೂ ಒಂದು ಅದಕ್ಕೆ ತಿಳಿದ್ರೆ ಆಮೇಲೆ ವ್ಯಾಯಾಮ ಮಾಡಿಸಬಹುದು. ಏನೂ ತಿಳೀದೇ ಇದ್ರೆ ಇನ್ನು ಇಷ್ಟೇ" ಎಂದು ಹೇಳಿ ಹೋದರು. ಐವತ್ತು ವರ್ಷ ಮರ ಕೆತ್ತಿದ, ಮುಖ ಕೆತ್ತಿದ ಕೈ ಅದು. ಅದಕ್ಕಿಂತ ಹೆಚ್ಚಾಗಿ ಅವರನ್ನು ಹಿಂಡಿದ್ದು ಊಟ. ಎಡಗೈಯಲ್ಲಿ ಉಣ್ಣುವುದು ಅವರಿಂದ ಆಗದು, ಇನ್ನೊಬ್ಬರು ಉಣಿಸುವುದಂತೂ ಸುತರಾಂ ಆಗದು. ಹೆಂಡತಿ ಕಾಳಮ್ಮನವರು ತಟ್ಟೆ ಇಟ್ಟು ಹೊರಗೆ ಹೋದ ಮೇಲೆ, ಗೋಡೆಗೆ ಮುಖ ಮಾಡಿ ಕೂತು, ಎಡಗೈಯಲ್ಲಿ ಚಮಚ ಹಿಡಿದು ನಾಲ್ಕು ತುತ್ತು ನುಂಗಿ ಏಳುತ್ತಿದ್ದರು. ನಾನು ಒಂದು ಮಧ್ಯಾಹ್ನ ತಿಳಿಯದೆ ಒಳಗೆ ಹೋಗಿಬಿಟ್ಟೆ. ಅವರು ಚಮಚವನ್ನು ತಟ್ಟೆಯ ಕೆಳಗೆ ಬಚ್ಚಿಟ್ಟರು.

ತಟ್ಟೆ ಪಕ್ಕಕ್ಕೆ ಸರಿಸಿ ಅವರೇ ಮಾತು ತೆಗೆದರು. "ಅನಸೂಯಾ, ಡಾಕ್ಟರ ಸೂಜಿ ಸೋತಿದೆ. ನಮ್ಮ ಸುಳ್ಳನ್ನ ಒಂದು ಸಲ ನೋಡೋಣ. ಈ ಕೈಗೆ ಒಂದು ಗಾಯ ಮಾಡು."

"ಮಾಡ್ತೀನಿ ಆಚಾರ್ರೇ. ಎಂಥಾದ್ದು?"

"ಹೆಬ್ಬೆಟ್ಟಿನ ಉಗುರಿನ ಸಂದಿಗೆ ಸಿಬಿರು ಹೊಕ್ಕಿರಬೇಕು. ಮರದ ಕೆಲಸದವನಿಗೆ ಅದಕ್ಕಿಂತ ದೊಡ್ಡ ನೋವಿಲ್ಲ. ಕೈ ಏನು ಮರೆತರೂ ಅದನ್ನ ಮರೀಬಾರದು." ಮಡಿಲಿನ ಕೈಯನ್ನು ನೋಡುತ್ತಾ ಸೇರಿಸಿದರು, "ಕಿಂಡಿ ಬಿಡಬೇಡ."

ನಾನು ಕೊಟ್ಟ ಮಾತು ಅವರಿಗೂ ಗೊತ್ತು, ನನಗೂ ಗೊತ್ತು. ಅವರು ಅದನ್ನು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಆ ಚೀಲ ಹೋದರೆ ನನಗೆ ಬೇರೆ ಏನೂ ಬರುವುದಿಲ್ಲ, ಸಕ್ಕರೆ ಗಿಳಿಗಳನ್ನು ಈಗ ಯಾರೂ ಕೇಳುವುದೂ ಇಲ್ಲ. ಆದರೆ ಆ ಚೀಲ ಹಿಡಿಯಲು ಕಲಿಸಿದ ಕೈ ಅಲ್ಲಿ ಮಡಿಲಲ್ಲಿ ಬಿದ್ದಿತ್ತು. ನಾನು ಹೆಚ್ಚು ಯೋಚಿಸಲಿಲ್ಲ, ಅವತ್ತೇ ಅವರ ಹೆಬ್ಬೆರಳಿನ ಅಚ್ಚು ತೆಗೆದುಕೊಂಡು ಹೋದೆ.

ಸೋಲುತ್ತೇನೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಒಂದು ಸಿಬಿರು! ಅರ್ಧ ಮುಖ ಸುಟ್ಟವಳಿಗೆ ಇದೆಂಥ ಕೆಲಸ? ಜೇಡಿಯಲ್ಲಿ ಉಗುರು ತಿದ್ದಿದೆ, ಉಗುರಿನ ಕೆಳಗೆ ಕಪ್ಪಗೆ ಹೊಕ್ಕ ಹಲಸಿನ ಸಿಬಿರು, ಅದು ಎಬ್ಬಿಸಿದ ಚರ್ಮ, ಒಳಗೆ ಕಟ್ಟಿದ ರಕ್ತ, ಎಲ್ಲ ಬಂತು. ಭೂತಗನ್ನಡಿ ಹಿಡಿದು ನೋಡಿದೆ, ಎಲ್ಲೂ ಕಿಂಡಿ ಇರಲಿಲ್ಲ. ಒಯ್ದು ಅಂಟಿಸಿದೆ. ಆಚಾರ್ರು ಬೆರಳನ್ನೇ ನೋಡುತ್ತಾ ಕೂತರು. ಕಾಳಮ್ಮನವರು ಬಾಗಿಲಲ್ಲಿ ನಿಂತಿದ್ದರು. ಕಾಫಿ ಆರಿತು. "ಏನಿಲ್ಲ" ಅಂದರು.

ಎರಡನೆಯದರಲ್ಲಿ ಸಿಬಿರನ್ನು ಇನ್ನಷ್ಟು ಆಳಕ್ಕೆ ಇಳಿಸಿದೆ. ಏನಿಲ್ಲ. ಮೂರನೆಯದರ ಜೊತೆಗೆ ಅಂಥದ್ದೇ ಒಂದನ್ನು ನನ್ನ ಹೆಬ್ಬೆರಳಿಗೂ ಮಾಡಿ ಅಂಟಿಸಿಕೊಂಡೆ. ಚೂರು ಚುಚ್ಚಿದ ಹಾಗಾಗಿ, ಹಾಗೇ ಆರಿಹೋಯಿತು. ಆಗ ತಿಳಿಯಿತು. ತಪ್ಪು ಅವರ ಕೈಯದಲ್ಲ, ನನ್ನದು. ಎಲ್ಲೋ ಕಿಂಡಿ ಇದೆ. ಮೂವತ್ತು ವರ್ಷ ಬಿಟ್ಟೂ ಬಿಟ್ಟೂ ನನ್ನ ಬೆರಳು ನನ್ನನ್ನು ಕೇಳದೆಯೇ ಕಿಂಡಿ ಬಿಡುತ್ತಿದೆ. ಎಲ್ಲಿ ಬಿಡುತ್ತಿದೆ ಎಂದು ನನಗೆ ಕಾಣುತ್ತಿಲ್ಲ.

"ನೀನು ತುಂಬಾ ಒಳ್ಳೆಯವಳಾಗಿಬಿಟ್ಟಿದ್ದೀಯ" ಅಂದರು ಆಚಾರ್ರು ಮೂರನೆಯದನ್ನು ಬಿಡಿಸುವಾಗ. ನಗಿಸಲು ಹೇಳಿದ್ದು. ಇಬ್ಬರಿಗೂ ನಗು ಬರಲಿಲ್ಲ. "ಸಾಕು ಬಿಡಮ್ಮ. ನಿನ್ನ ಚೀಲ ಉಳಿಸಿಕೋ." ಹಾಗೆಂದು ಮಡಿಲಿನ ಕೈಯನ್ನು ಎಡಗೈಯಿಂದ ಎತ್ತಿ ಪಕ್ಕಕ್ಕೆ ಇಟ್ಟರು.

ನಮ್ಮೂರಲ್ಲಿ ಇಂಥ ಸುದ್ದಿ ಕಾಲಿಲ್ಲದೆಯೂ ನಡೆಯುತ್ತದೆ. ಮಾರನೆಯ ದಿನ ಹತ್ತು ಗಂಟೆಗೆ ನಾನು ಮೇಕಪ್ ರೂಮಿನಲ್ಲಿ ಮೂರೂ ಸಿಬಿರುಗಳನ್ನು ಸಾಲಾಗಿಟ್ಟು ನೋಡುತ್ತಿದ್ದಾಗ ಕುಮುದಾ ಬಂದು ನಿಂತಳು. ಈಗ ಅವಳು ದೊಡ್ಡ ನಟಿ, ಅಮ್ಮನ ಪಾತ್ರ ಮಾಡುತ್ತಾಳೆ. ನಾನು ಏನೂ ಕೇಳದೆ ಚೀಲವನ್ನು ಎತ್ತಿ ಮೇಜಿನ ಮೇಲೆ ಅವಳ ಕಡೆಗೆ ಇಟ್ಟೆ.

"ಇದೇನು?" ಅಂದಳು.

"ಕಿಂಡಿ ಇಲ್ಲದೆ ಮಾಡೋಕೆ ಹೊರಟಿದ್ದೆ. ಮಾಡೋಕೆ ಆಗಲಿಲ್ಲ ಅನ್ನೋದು ಬೇರೆ ಮಾತು. ಮಾತು ಕೊಟ್ಟಿದ್ದು ನಿನಗೆ."

ಅವಳು ಚೀಲ ಮುಟ್ಟಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, ಮೂರು ಸಿಬಿರುಗಳನ್ನೂ ನೋಡಿದಳು. ಆಮೇಲೆ ಬಳೆಗಳನ್ನು ಮೇಲಕ್ಕೆ ಸರಿಸಿ ಬಲಗೈಯನ್ನು ಮೇಜಿನ ಮೇಲೆ ಚಾಚಿದಳು.

"ನನ್ನ ಹೆಬ್ಬೆಟ್ಟಿಗೆ ಒಂದು ಮಾಡಿ."

"ಬೇಡ ಕುಮುದಾ."

"ನಿಮ್ಮ ಕೈಯಿಂದ ಕಿಂಡಿ ಇಲ್ಲದ ಗಾಯ ತಗೊಂಡವಳು ನಾನೊಬ್ಬಳೇ. ಅದು ಹೇಗಿರುತ್ತೆ ಅಂತ ನನಗೆ ಗೊತ್ತು, ನಿಮಗೆ ಗೊತ್ತಿಲ್ಲ. ನೋವು ಎಲ್ಲಿಂದ ಸೋರುತ್ತೆ ಅಂತ ನಾನು ಹೇಳ್ತೀನಿ. ನೀವು ಮುಚ್ಚಿ." ಅವಳ ಧ್ವನಿ ಸ್ವಲ್ಪ ಏರಿತು. "ಆಚಾರ್ರು ಅವತ್ತು ಸಂಘದಲ್ಲಿ ನನ್ನ ಪರವಾಗಿ ಮಾತಾಡಿದ್ರು. ಸ್ವಂತ ಶಿಷ್ಯೆಯನ್ನ ಬಿಟ್ಟುಕೊಟ್ಟು ಮಾತಾಡಿದ್ರು. ಅವರು ಗೋಡೆ ನೋಡ್ಕೊಂಡು ಉಣ್ತಾರೆ ಅಂತ ಕೇಳಿದ ಮೇಲೆ ನನಗೆ ನಿನ್ನೆಯಿಂದ ಊಟ ಸೇರ್ತಿಲ್ಲ. ಆ ಮಾತು ನನಗೆ ಕೊಟ್ಟಿದ್ದು ತಾನೆ? ನಾನೇ ವಾಪಸ್ ಕೊಡ್ತಿದ್ದೀನಿ. ಸಂಘದವರು ಕೇಳಿದ್ರೆ ಬಂದು ಹೆಬ್ಬೆಟ್ಟು ಒತ್ತಿ ಹೇಳ್ತೀನಿ."

ಮರುದಿನ ಅವಳ ಬೆರಳಿನ ಸಿಬಿರು ಸಿದ್ಧವಾಯಿತು. ಅಂಟಿಸಿದೆ. ಅವಳು ಕಣ್ಣು ಮುಚ್ಚಿಕೊಂಡು, ಸಾಂಬಾರಿನ ಉಪ್ಪು ನೋಡುವವರ ಹಾಗೆ ತಲೆ ಒಂದು ಕಡೆ ವಾಲಿಸಿ ಕೂತಿದ್ದಳು.

"ಒಳಗೆ ಇದೆ" ಅಂದಳು. "ಏನೋ ಹೊಕ್ಕಿದೆ ಅಂತ ಬೆರಳಿಗೆ ಗೊತ್ತಾಗ್ತಿದೆ. ಆದ್ರೆ ಅದು ಹೊಕ್ಕ ಜಾಗ ಇದೆಯಲ್ಲ, ಅಂಚು, ಅಲ್ಲಿ ಏನೂ ಇಲ್ಲ. ಹಾಗಾಗಿ ಒಳಗಿಂದೂ ನಿಲ್ತಿಲ್ಲ." ಕಣ್ಣು ತೆರೆದಳು. "ಅವತ್ತು ನನಗೆ ಜಾಸ್ತಿ ನೋವಾಗಿದ್ದು ಸುಟ್ಟ ಕಡೆ ಅಲ್ಲ. ಸುಟ್ಟ ಚರ್ಮ ನನ್ನ ಚರ್ಮವನ್ನ ಸೇರುವ ಗೆರೆ ಇರುತ್ತಲ್ಲ, ಅಲ್ಲಿ. ಅದು ಗರಗಸದ ಹಾಗಿತ್ತು. ಇದು ನುಣ್ಣಗಿದೆ."

ನಾನು ಜೇಡಿಯ ಮೂಲರೂಪ ತಂದು ಭೂತಗನ್ನಡಿ ಹಿಡಿದೆ. ಸಿಬಿರು ಹೊಕ್ಕ ಬಾಯಿ ನುಣ್ಣಗೆ, ಗುಂಡಗೆ, ಚೆಂದವಾಗಿತ್ತು. ಪಕ್ಕದಲ್ಲಿ ನನ್ನ ಒದ್ದೆ ಬಟ್ಟೆ ಮಡಿಸಿಟ್ಟಿತ್ತು. ಅದನ್ನು ನೋಡಿದ ಕೂಡಲೇ ತಿಳಿಯಿತು.

ಆಚಾರ್ರು ಕಲಿಸಿದ ಕಿಂಡಿಯಲ್ಲ ಅದು, ಅಪ್ಪ ಕಲಿಸಿದ್ದು. ಕೆಲಸ ಮುಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒಂದೊಂದೇ ಅಂಚು ತೀಡುವುದು. ಮಗುವಿನ ತುಟಿ ಕೊಯ್ಯಬಾರದು. ಮೂವತ್ತೊಂದು ವರ್ಷ ನಾನು ಮಾಡಿದ ಒಂದೊಂದು ಗಾಯದಲ್ಲೂ ಎರಡು ಕಿಂಡಿ ಇತ್ತು. ಒಂದು ತಿಳಿದು ಬಿಟ್ಟದ್ದು, ಇನ್ನೊಂದು ತಿಳಿಯದೆ ತೀಡಿದ್ದು. ಕುಮುದಾಳ ಕೆನ್ನೆಯಲ್ಲಿ ಮಾತ್ರ ಆ ಎರಡನೆಯದೂ ಇರಲಿಲ್ಲ. ಅವತ್ತು ನಲ್ಲಿಯಲ್ಲಿ ನೀರಿರಲಿಲ್ಲ, ಬಟ್ಟೆ ಒದ್ದೆ ಮಾಡಲಾಗಿರಲಿಲ್ಲ. ಶಾಲು ಹೊದಿಸಿ ಕೊಟ್ಟರಲ್ಲ, ಆ ಪ್ರಶಸ್ತಿ ನಿಜವಾಗಿ ನೀರು ಬಿಡುವವನಿಗೆ ಸಲ್ಲಬೇಕಿತ್ತು. ಇದನ್ನು ಹೇಳಿದಾಗ ಕುಮುದಾ ಬಿದ್ದು ಬಿದ್ದು ನಕ್ಕಳು. ಹನ್ನೆರಡು ವರ್ಷದ ಮೇಲೆ ಆ ರೂಮಿನಲ್ಲಿ ಅವಳ ನಗು ಕೇಳಿದೆ. ನನಗೂ ನಗು ಬಂತು, ಜೊತೆಗೆ ಅಳುವೂ ಬಂತು.

ಬಟ್ಟೆಯನ್ನು ಕಿಟಕಿಯಾಚೆ ಎಸೆದು ಮತ್ತೆ ಮಾಡಿದೆ. ಈ ಸಲ ಕೊನೆಯ ಅಂಚು ಅಂಟಿದಾಗ ಅವಳ ಭುಜ ಸೆಟೆಯಿತು. ಬಾಯಿ ಬಿಡಲಿಲ್ಲ. ನಾನು ಎಣ್ಣೆಗೆ ಕೈ ಹಾಕಿದರೆ, "ಇರಿ, ಪೂರ್ತಿ ನೋಡಿಬಿಡ್ತೀನಿ" ಎಂದು ತಡೆದಳು. ಹಣೆಯ ಮೇಲೆ ಬೆವರು ಮೂಡಿತು. ಎಡಗೈ ಬಂದು ನನ್ನ ಮಣಿಕಟ್ಟನ್ನು, ಅವತ್ತು ಹಿಡಿದಿದ್ದ ಜಾಗದಲ್ಲೇ, ಹಿಡಿಯಿತು.

"ಸಾಕು ಅಕ್ಕಾ" ಅಂದಳು. "ಇದೇ. ಹೋಗಿ ಮಾಡಿ."

ಆಚಾರ್ರ ಮನೆಗೆ ನಾಲ್ಕನೆಯ ಸಿಬಿರನ್ನು ಒಯ್ದ ಬೆಳಿಗ್ಗೆ, ಅವರ ಹೆಂಡತಿಯನ್ನು ಕರೆದು ಆ ಕೋಣೆಯಲ್ಲಿದ್ದ ನೀರಿನ ತಂಬಿಗೆಯನ್ನೂ ಟವೆಲ್ಲನ್ನೂ ಆಚೆಗೆ ಇಡಿಸಿದೆ. ನನ್ನ ಕೈಯ ಮೇಲೆ ನನಗೆ ನಂಬಿಕೆ ಇರಲಿಲ್ಲ, ಸಿಕ್ಕಿದರೆ ತೀಡಿಬಿಡುತ್ತಿತ್ತು. ಆಚಾರ್ರು ಬೇಡವೆನ್ನುತ್ತಲೇ ಕೂತರು. "ಮತ್ತೆ ಯಾಕಮ್ಮ ಈ ಒದ್ದಾಟ?" ಅಂದರು. ಉಗುರು ಕೂರಿಸಿದೆ, ಸಿಬಿರಿನ ಬಾಯಿಯ ಸುತ್ತ ಚರ್ಮವನ್ನು ಹರಿದದ್ದು ಹರಿದ ಹಾಗೇ ಬಿಟ್ಟೆ, ಅವರ ಕೈಯ ಬಣ್ಣಕ್ಕೆ ಸರಿಯಾಗಿ ಬಣ್ಣ ಹಚ್ಚಿದೆ. ಕೊನೆಯ ಅಂಚನ್ನು ಒತ್ತಿ ಹಿಂದಕ್ಕೆ ಸರಿದೆ.

ಅವರು ಬೆರಳನ್ನು ನೋಡುತ್ತಿದ್ದರು. ನಾನು ಅವರ ಮುಖ ನೋಡುತ್ತಿದ್ದೆ. ಹೊರಗೆ ಯಾರೋ ಸ್ಕೂಟರು ಒದೆಯುತ್ತಿದ್ದರು, ಅದು ಸ್ಟಾರ್ಟ್ ಆಗುತ್ತಿರಲಿಲ್ಲ. ಆರು ಸಲ ಒದ್ದರು, ಏಳು ಸಲ ಒದ್ದರು. ಎಂಟನೆಯದಕ್ಕೆ ಸ್ಟಾರ್ಟ್ ಆಗಿ ಹೋಯಿತು. ಆಮೇಲೂ ಏನಿಲ್ಲ.

"ಅನಸೂಯಾ" ಅಂದರು.

"ಹೇಳಿ ಆಚಾರ್ರೇ."

"ಕಿಂಡಿ ಎಲ್ಲಿ ಬಿಟ್ಟಿದ್ದೀಯ?"

"ಬಿಟ್ಟಿಲ್ಲ."

"ಹೂಂ" ಅಂದರು. ಉದ್ದನೆಯ ಹೂಂ. ನಾನು ಮೂವತ್ತು ವರ್ಷದಲ್ಲಿ ಕೇಳಿದ್ದಕ್ಕೆಲ್ಲ ಉದ್ದನೆಯದು. ಅದರ ಕೊನೆ ಮುರಿದು ಅಳುವಾಯಿತು. "ನೋಯ್ತಿದೆ ಕಣಮ್ಮಾ" ಅಂದರು. "ಅಯ್ಯೋ ದೇವರೇ, ಎಷ್ಟು ನೋಯ್ತಿದೆ!"

ಕಾಳಮ್ಮನವರು ಬಾಗಿಲಿನಿಂದ ಓಡಿಬಂದು ಅವರ ಮುಖ ನೋಡಿ, ನನ್ನ ಮುಖ ನೋಡಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹಾಗೇ ಅಂಗಳಕ್ಕೆ ಓಡಿದರು. "ನಮ್ಮನೆಯವರಿಗೆ ನೋಯ್ತಿದೆಯಂತೆ! ನೋಯ್ತಿದೆಯಂತೆ ಬನ್ರೇ!" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದರು. ಪಕ್ಕದ ಮನೆಯವರು ಹಬ್ಬಕ್ಕೆ ಬಂದವರ ಹಾಗೆ ಬಂದರು. ಆಚಾರ್ರು ಹಲ್ಲು ಕಚ್ಚಿಕೊಂಡು, ಕಣ್ಣೀರು ಸುರಿಸುತ್ತಾ, ಎಲ್ಲರಿಗೂ ತಲೆಯಾಡಿಸುತ್ತಾ ಕೂತಿದ್ದರು.

ಕುಮುದಾಳ ಇಪ್ಪತ್ತು ನಿಮಿಷ ನನಗೆ ನೆನಪಿತ್ತು. ಇನ್ನು ನೋಡಲಾರದೆ ಅಂಟು ಬಿಡಿಸುವ ಎಣ್ಣೆಯ ಬಟ್ಟಲು ತೆಗೆದು, "ಗೊತ್ತಾಯ್ತಲ್ಲ ಆಚಾರ್ರೇ, ಇನ್ನು ಸಾಕು" ಎನ್ನುತ್ತಾ ಆ ಬೆರಳು ಹಿಡಿಯಲು ಹೋದೆ.

"ಇರಲಿ ಬಿಡು, ಇನ್ನೂ ಸ್ವಲ್ಪ ಹೊತ್ತು" ಎಂದು ಅವರು ಕೈಯನ್ನು ನನಗೆ ಸಿಕ್ಕದ ಹಾಗೆ ಎದೆಗೆ ಎಳೆದುಕೊಂಡರು.

ಎಡಗೈ ಮಡಿಲಲ್ಲೇ ಉಳಿದಿತ್ತು. ಇಬ್ಬರೂ ಎಳೆದುಕೊಂಡ ಕೈಯನ್ನು ನೋಡಿದೆವು. ಬಲಗೈ.